ಬಸ್ಸು ಹಿಡಿಯಬೇಕಿದ್ದವನು

"ಪೂರ್ತಿ ತೆಗೆದುಬಿಡಬಹುದು ಸರ್. ಒಂದು ಚೂರೂ ಉಳಿಯಲ್ಲ, ನೋವೂ ಆಗಲ್ಲ," ಎಂದು ಸೌಂಡ್ ಇಂಜಿನಿಯರ್ ನಗುತ್ತಾ ಹೇಳಿದಾಗ ದುಂಬಿ, ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಕೂತವನಂತೆ, ತನ್ನ ದವಡೆಯನ್ನು ಮುಟ್ಟಿ ನೋಡಿಕೊಂಡ. ತೆಗೆಯಬೇಕಾದದ್ದು ಹಲ್ಲಲ್ಲ, ಅವನ ಗುನುಗು. ಪಿಯಾನೋ ಮುಂದೆ ಕೂತು ಬೆರಳು ಆಡತೊಡಗಿದರೆ ಸಾಕು, ಅವನ ಬಾಯಿ ಯಾರ ಅಪ್ಪಣೆಗೂ ಕಾಯದೆ ಗುಂಯ್‌ಗುಡಲು ಶುರುಮಾಡುತ್ತಿತ್ತು. ಅದಕ್ಕೇ ಬ್ಯಾಂಡಿನವರು ಅವನನ್ನು ದುಂಬಿ ಎಂದು ಕರೆದದ್ದು. ಮೊದಲು ಬೆನ್ನ ಹಿಂದೆ, ಆಮೇಲೆ ಎದುರಿಗೇ, ಕೊನೆಗೆ ಪೋಸ್ಟರಿನ ಮೇಲೆ 'ದುಂಬಿ ಮತ್ತು ನಾಲ್ವರು' ಎಂದು ಕೆಂಪು ಅಕ್ಷರದಲ್ಲಿ. ಮೂವತ್ತೊಂದು ವರ್ಷದ ಹಿಂದೆ ಒಂದು ಮಂಗಳವಾರ ಮಧ್ಯಾಹ್ನ ಆ ಐದೂ ಜನ ಒಂದೇ ಕೋಣೆಯಲ್ಲಿ ಕೂತು ನುಡಿಸಿದ ಜಾಜ್ ರೆಕಾರ್ಡು ಈಗ ಧೂಳು ಕೊಡವಿಕೊಂಡು ಮತ್ತೆ ಹೊರಬರುವುದಿತ್ತು. ಜೊತೆಗೊಂದು ಪುಟ್ಟ ಪುಸ್ತಕ, ಅದರಲ್ಲಿ ದುಂಬಿಯೇ ಬರೆದ ನಾಲ್ಕು ಪುಟದ ನೆನಪು. ಎಲ್ಲವೂ ಇವತ್ತು ಸಂಜೆ ಐದು ಗಂಟೆಯೊಳಗೆ ಅಚ್ಚಿಗೆ ಹೋಗಬೇಕು. ಉಳಿದಿದ್ದ ಪ್ರಶ್ನೆ ಒಂದೇ, ಗುನುಗು ಇರಬೇಕೋ ಬೇಡವೋ ಎಂಬುದು. ಅರವತ್ತೆಂಟರ ವಯಸ್ಸಿನಲ್ಲಿ ಇಂಥ ಪ್ರಶ್ನೆಗೆ ಉತ್ತರಿಸಲು ಬೆಳಿಗ್ಗೆ ಹನ್ನೊಂದು ಗಂಟೆಗೆ ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಬಂದದ್ದು ಸ್ವಲ್ಪ ಅತಿಯಾಯಿತೇನೋ ಎಂದು ಅವನಿಗೆ ಅನಿಸಿತು.

"ಮೊದಲು ಅದೊಂದನ್ನೇ ಕೇಳಿಸ್ತೀನಿ ಸರ್," ಎಂದು ಇಂಜಿನಿಯರ್ ಒಂದೊಂದೇ ಗುಂಡಿ ಒತ್ತಿದಳು. ಪಿಯಾನೋ ಹೋಯಿತು. ಟ್ರಂಪೆಟ್ ಹೋಯಿತು, ಸ್ಯಾಕ್ಸೋಫೋನು ಹೋಯಿತು, ದೊಡ್ಡ ಬಾಸ್ ಮುದುಕನ ಹಾಗೆ ಗೊಣಗುತ್ತಾ ಹೋಯಿತು, ಡ್ರಮ್ ಹೋಯಿತು. ಉಳಿದದ್ದು ಅವನೊಬ್ಬನ ಬಾಯಿ. ಈ ಗುನುಗಿನ ಬಗ್ಗೆ ದುಂಬಿ ಎಷ್ಟು ಸಂದರ್ಶನಗಳಲ್ಲಿ ಎಷ್ಟು ಬಗೆಯಾಗಿ ಮಾತಾಡಿದ್ದ. ಬೆರಳಿಗೆ ಎಟುಕದ್ದನ್ನು ಗಂಟಲು ಹುಡುಕುತ್ತದೆ ಎಂದಿದ್ದ. ನನ್ನೊಳಗೆ ಇನ್ನೊಂದು ರಾಗ ಹರಿಯುತ್ತಿರುತ್ತದೆ ಎಂದಿದ್ದ. ಒಬ್ಬ ವಿಮರ್ಶಕ ಅದನ್ನು 'ಅಂತರಂಗದ ಸ್ವಗತ' ಎಂದು ಬರೆದಾಗ ಆ ಪತ್ರಿಕೆಯ ತುಣುಕನ್ನು ಕತ್ತರಿಸಿ ಪರ್ಸಿನಲ್ಲಿಟ್ಟುಕೊಂಡು ಅದು ಹರಿದು ನಾಲ್ಕಾಗುವ ತನಕ ತಿರುಗಿದ್ದ. ಈಗ ಸ್ಪೀಕರಿನಿಂದ ಸ್ಪಷ್ಟವಾಗಿ, ಅಂಗಡಿಯಲ್ಲಿ ಮೂಟೆ ಲೆಕ್ಕ ಹಿಡಿಯುವವನ ಧ್ವನಿಯಲ್ಲಿ, ಬರುತ್ತಿದ್ದದ್ದು ಇಷ್ಟೇ: "ಒಂದ್ ಎರಡ್ ಮೂರ್ ನಾಲ್ಕ್, ಎರಡ್ ಎರಡ್ ಮೂರ್ ನಾಲ್ಕ್, ಮೂರ್ ಎರಡ್ ಮೂರ್... ಅಯ್ಯೋ... ಬಾ ಬಾ ಬಾ... ಒಂದ್ ಎರಡ್..." ಅಂತರಂಗದಲ್ಲಿ ಸ್ವಗತವೂ ಇರಲಿಲ್ಲ, ರಾಗವೂ ಇರಲಿಲ್ಲ, ಬರೀ ಎಣಿಕೆ ಇತ್ತು. ಎಣಿಸುವವರು ಗುಮಾಸ್ತರು, ನುಡಿಸುವವರು ಎದೆಬಡಿತ ಕೇಳುತ್ತಾರೆ ಎಂದು ಅವನು ತನ್ನ ಶಿಷ್ಯರಿಗೆ ಕಳೆದ ವಾರವೂ ಹೇಳಿದ್ದ. ಒಬ್ಬಳು ಅದನ್ನು ನೋಟ್ ಪುಸ್ತಕದಲ್ಲಿ ಬರೆದುಕೊಂಡು ಕೆಳಗೆ ಗೆರೆ ಎಳೆದದ್ದೂ ನೆನಪಾಯಿತು.

"ಎಷ್ಟು ಮುದ್ದಾಗಿದೆ ಸರ್," ಎಂದಳು ಇಂಜಿನಿಯರ್. ಅವಳಿಗೆ ಮೂವತ್ತೂ ಆಗಿರಲಿಕ್ಕಿಲ್ಲ. ಈ ರೆಕಾರ್ಡಿಗಿಂತ ಚಿಕ್ಕವಳು. "ಕೊನೇ ಹಾಡಲ್ಲಿ ಇನ್ನೂ ತಮಾಷೆಯಾಗಿದೆ. ನಿಮ್ಮ 'ಸಂಜೆಯ ನಡಿಗೆ'ಯಲ್ಲಿ. ಇಲ್ನೋಡಿ, ಈ ಹಳದಿ ಗೆರೆ ನಿಮ್ಮ ಬಾಯಿ, ಈ ನೀಲಿ ಗೆರೆ ಡ್ರಮ್." ದುಂಬಿ ಕನ್ನಡಕ ಏರಿಸಿ ಪರದೆಯ ಹತ್ತಿರ ಹೋದ. ಹಳದಿ ಗೆರೆ ಮೊದಮೊದಲು ನೀಲಿಯ ಜೊತೆ ಜೊತೆಗೇ ಇತ್ತು. ಮೂರನೆಯ ನಿಮಿಷಕ್ಕೆ ಒಂದು ಕೂದಲೆಳೆ ಮುಂದೆ ಹೋಯಿತು. ಐದನೆಯದಕ್ಕೆ ಎರಡೆಳೆ. "ಯಾರೋ ತಾಳಕ್ಕಿಂತ ಮುಂದೆ ಓಡ್ತಿದಾರೆ ಅಂತ ಹಾಡು ಕೇಳಿದ ಕೂಡಲೇ ಅನಿಸಿತ್ತು," ಎಂದು ಅವಳು ಅಂದದ್ದೇ ತಡ, "ಅದು ಡ್ರಮ್‌ನವನು," ಎಂದು ದುಂಬಿ ಹೇಳಿಬಿಟ್ಟ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನು ಮೂವತ್ತೊಂದು ವರ್ಷ ಬೇರೆಯವನ ಹೆಗಲು ಮುಟ್ಟಿ ನೋಡಿದ್ದ, ಕೈ ಅಭ್ಯಾಸದಂತೆ ಮತ್ತೆ ಅಲ್ಲಿಗೇ ಹೋಯಿತು. "ಅಲ್ಲ ಸರ್," ಎಂದಳು ಅವಳು, ಲೆಕ್ಕ ತಪ್ಪಿದ ಹಿರಿಯರನ್ನು ತಿದ್ದುವ ಮೆತ್ತನೆಯ ಧ್ವನಿಯಲ್ಲಿ, "ಡ್ರಮ್‌ನವರು ಪಾಪ ತುಂಬ ಒಳ್ಳೆಯವರು. ಇಲ್ಲಿ, ಇಲ್ಲಿ, ಮತ್ತೆ ಇಲ್ಲಿ, ಮೂರು ಕಡೆ ನಿಮ್ಮನ್ನ ಹಿಡಿದು ನಿಲ್ಲಿಸೋಕೆ ನೋಡ್ತಾರೆ. ನೀವು ನಿಲ್ಲಲ್ಲ. ಆಮೇಲೆ ಸರಿ ಬಿಡು ಅಂತ ಅವರೂ ನಿಮ್ಮ ಜೊತೆ ಓಡಿ ಬರ್ತಾರೆ. ಅದಕ್ಕೇ ಕೇಳೋರಿಗೆ ಡ್ರಮ್ ಓಡಿದ ಹಾಗೆ ಕೇಳಿಸುತ್ತೆ. ಡ್ರಮ್ ಅಲ್ವಾ, ಸದ್ದು ಜಾಸ್ತಿ."

ಸದ್ದು ಜಾಸ್ತಿ. ರೆಕಾರ್ಡು ಹೊರಬಂದ ತಿಂಗಳಲ್ಲಿ ಒಂದು ಪತ್ರಿಕೆ 'ಸಂಜೆಯ ನಡಿಗೆ ಎಂದು ಹೆಸರಿಟ್ಟ ಕೃತಿ ಕೊನೆಗೆ ಓಟವಾದದ್ದೇಕೋ ತಿಳಿಯದು' ಎಂದು ಒಂದೇ ಒಂದು ಸಾಲು ಬರೆದಿತ್ತು. ಆ ಸಾಲನ್ನು ದುಂಬಿ ಬ್ಯಾಂಡು ಅಭ್ಯಾಸ ಮಾಡುತ್ತಿದ್ದ ಕೋಣೆಯಲ್ಲಿ, ಎಲ್ಲರೆದುರು, ಗಟ್ಟಿಯಾಗಿ ಓದಿದ್ದ. ಕಿಟಕಿಯ ಪಕ್ಕ ಡ್ರಮ್ ಹಿಂದೆ ಕೂತಿದ್ದವನು ಅವನ ಹೆಂಡತಿಯ ತಮ್ಮ, ಇಪ್ಪತ್ತೇಳು ವರ್ಷದವನು, ಡ್ರಮ್ಮಿನ ಹಿತ್ತಾಳೆಯ ಸಿಂಬಲ್ ತಟ್ಟೆಯನ್ನು ಬಟ್ಟೆಯಲ್ಲಿ ಒರೆಸುತ್ತಿದ್ದ. "ಭಾವ, ಆವತ್ತು ನಾನು..." ಎಂದು ಅವನು ಬಾಯಿ ತೆಗೆದಿದ್ದ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದು ದುಂಬಿ ಆ ಬಾಯನ್ನು ಅಲ್ಲಿಗೇ ಮುಚ್ಚಿಸಿ, ಉಳಿದವರು ನಗಲಿ ಎಂದು ಸೇರಿಸಿದ್ದ: "ನಮ್ಮ ಡ್ರಮ್‌ನವನಿಗೆ ಪಾಪ ಬಸ್ಸು ಹಿಡಿಯೋದಿತ್ತು." ಎಲ್ಲರೂ ನಕ್ಕರು. ನಗು ಎಷ್ಟು ಚೆನ್ನಾಗಿ ಬಂತೆಂದರೆ ಆ ನಗುವಿನ ಮೇಲೆಯೇ "ನಾಳೆಯಿಂದ ಬರಬೇಡ" ಎನ್ನುವುದು ಸಲೀಸಾಯಿತು. ಹುಡುಗ ಕೋಲುಗಳನ್ನು ಚೀಲಕ್ಕೆ ಹಾಕಿಕೊಂಡು, ಒರೆಸಿದ ಬಟ್ಟೆಯನ್ನು ಮಡಿಸಿ ಸ್ಟೂಲಿನ ಮೇಲಿಟ್ಟು ಹೋದ. ಆ ಸಂಜೆ ಹೆಂಡತಿ ಜಗಳವಾಡುತ್ತಾಳೆಂದು ದುಂಬಿ ಉತ್ತರಗಳನ್ನು ಸಾಲಾಗಿ ಜೋಡಿಸಿಕೊಂಡು ಕಾದ. ಅವಳು "ಸರಿ" ಎಂದಳು, ಅಷ್ಟೇ. ಅಂದಿನಿಂದ ಅವನ ಒಂದು ಕಛೇರಿಗೂ ಅವಳು ಬರಲಿಲ್ಲ. ಮನೆಯಲ್ಲಿ ಅವನು ಪಿಯಾನೋ ಮುಚ್ಚಳ ತೆಗೆದರೆ ಅಡುಗೆಮನೆಯಲ್ಲಿ ನಲ್ಲಿ ಸುರಿಯತೊಡಗುತ್ತಿತ್ತು. ಮೂವತ್ತೊಂದು ವರ್ಷ ತೊಳೆಯುವಷ್ಟು ಪಾತ್ರೆ ಆ ಮನೆಯಲ್ಲಿ ಎಲ್ಲಿಂದ ಬಂತೆಂದು ಅವನು ಒಮ್ಮೆಯೂ ಕೇಳಿರಲಿಲ್ಲ.

"ನೀವು ಪುಸ್ತಕಕ್ಕೆ ಬರೆದದ್ದು ಓದಿದೆ ಸರ್, ಆ ಬಸ್ಸಿನ ಜೋಕ್ ಸೂಪರ್," ಎಂದು ಇಂಜಿನಿಯರ್ ನಗತೊಡಗಿದಳು. ನಗುತ್ತಲೇ ಅವಳ ಕಣ್ಣು ಪರದೆಯ ಕಡೆಗೆ ಹೋಯಿತು, ಹಳದಿ ಗೆರೆಯಿಂದ ನೀಲಿ ಗೆರೆಗೆ, ನೀಲಿಯಿಂದ ಮತ್ತೆ ಹಳದಿಗೆ, ಮತ್ತು ನಗು ಅರ್ಧಕ್ಕೇ ನಿಂತಿತು. ಅದೇನು ದೊಡ್ಡ ಸದ್ದಲ್ಲ; ಆದರೆ ಸುಮಾರು ಐವತ್ತು ವರ್ಷ ವೇದಿಕೆಯ ಮೇಲೆ ಕೂತವನಿಗೆ ಕೇಳುಗರ ನಗು ಎಲ್ಲಿ ನಿಲ್ಲುತ್ತದೆ ಎನ್ನುವುದು ಬೆನ್ನಿಗೂ ತಿಳಿಯುತ್ತದೆ. ಅವಳು ಕಾಫಿ ಲೋಟವನ್ನು ಸುಮ್ಮನೆ ಎಡದಿಂದ ಬಲಕ್ಕೆ ಇಟ್ಟಳು. "ತೆಗೆದುಬಿಡಿ," ಎಂದ ದುಂಬಿ. "ಗುನುಗನ್ನಾ?" "ಹೂಂ. ಪೂರ್ತಿ." "ಪುಸ್ತಕದಲ್ಲಿ ಬರೆದದ್ದು ಹಾಗೇ ಹೋಗಲಾ ಸರ್?" ಇದನ್ನವಳು ಎಷ್ಟು ಸಾಧಾರಣವಾಗಿ ಕೇಳಿದಳೆಂದರೆ ಅವನಿಗೆ ಅವಳ ಮೇಲೆ ಸಿಟ್ಟು ಬಂತು. "ಹೋಗಲಿ," ಎಂದು ಕೋಟಿನ ಗುಂಡಿ ಹಾಕಿಕೊಳ್ಳುತ್ತಾ ಎದ್ದ. ಗುಂಡಿ ಒಂದು ತೂತು ಮೇಲೆ ಹೋಗಿತ್ತು. ಬಾಗಿಲ ತನಕ ಬಂದ ಅವಳು ಅದನ್ನು ನೋಡಿಯೂ ಹೇಳಲಿಲ್ಲ, ಮತ್ತು ಹೇಳದೇ ಇದ್ದದ್ದು ಅವನಿಗೆ ಗೊತ್ತಾಯಿತು.

ಹೊರಗೆ ಮಾಮೂಲಿ ಮಧ್ಯಾಹ್ನವೊಂದು ನಡೆಯುತ್ತಿತ್ತು. ಏಣಿಯ ಮೇಲೆ ನಿಂತವನೊಬ್ಬ ಅಂಗಡಿಯ ಬೋರ್ಡಿಗೆ ಬಣ್ಣ ಬಳಿಯುತ್ತಿದ್ದ. ಏಣಿ ಹಿಡಿದವನು ಫೋನು ನೋಡುತ್ತಿದ್ದ. ದುಂಬಿ ನಾಲ್ಕು ಹೆಜ್ಜೆ ಹೋದ, ನಿಂತ, ಎರಡು ಹೆಜ್ಜೆ ಹಿಂದೆ ಬಂದ. ಪುರಾವೆ ಅಳಿಸಿಹೋಯಿತಲ್ಲ, ಇನ್ನೇನು ಎಂದು ತನ್ನನ್ನೇ ಕೇಳಿಕೊಂಡ. ಎದೆ ಹಗುರಾಗಬೇಕಿತ್ತು, ಆಗಲಿಲ್ಲ. ಅವನಿಗೆ ನೆನಪಾದದ್ದು ಒಂದು ಜೊತೆ ಕೈ. ಭಾವಮೈದ ಇಷ್ಟು ವರ್ಷವೂ ಮನೆಗೆ ಬರುವುದನ್ನು ಬಿಟ್ಟಿರಲಿಲ್ಲ. ಬರುತ್ತಿದ್ದ, ಅಕ್ಕನ ಆರೋಗ್ಯ ವಿಚಾರಿಸುತ್ತಿದ್ದ, ಊಟದ ಮೇಜಿನ ಎದುರು ಕೂರುತ್ತಿದ್ದ. ಆದರೆ ಆ ಮೇಜಿನ ಮೇಲೆ ಅವನ ಬೆರಳು ಒಮ್ಮೆಯೂ ತಾಳ ಹಾಕಿರಲಿಲ್ಲ. ಮೊದಲೆಲ್ಲ ತಟ್ಟೆ, ಲೋಟ, ಬಾಗಿಲು, ತನ್ನ ಮೊಣಕಾಲು, ಅಕ್ಕನ ಬೆನ್ನು ಯಾವುದನ್ನೂ ಸುಮ್ಮನೆ ಬಿಡದಿದ್ದವನು. ಆ ಕೈಗಳು ಈಗ ಮೇಜಿನ ಮೇಲೆ ಎರಡು ಕರವಸ್ತ್ರಗಳ ಹಾಗೆ ಮಡಿಸಿ ಬಿದ್ದಿರುತ್ತಿದ್ದವು. ಇದನ್ನು ತಾನು ಎಂದೋ ಗಮನಿಸಿದ್ದೆ, ಗಮನಿಸಿಯೂ ಪಲ್ಯ ಬಡಿಸಿಕೊಂಡಿದ್ದೆ ಎನ್ನುವುದು ಈಗ, ಈ ಬಣ್ಣದ ವಾಸನೆಯಲ್ಲಿ, ಅವನಿಗೆ ತಡೆಯಲಾಗದ ನಾಚಿಕೆಯಾಗಿ ಬಂತು. ಫೋನು ತೆಗೆದು ಹೆಂಡತಿಗೆ ಮಾಡಿದ.

"ನಿನ್ನ ತಮ್ಮ ಈ ಹೊತ್ತಲ್ಲಿ ಎಲ್ಲಿರ್ತಾನೆ?"

ಆ ಕಡೆ ನಲ್ಲಿ ನಿಂತಿತು. "ಯಾಕೆ? ಏನಾಯ್ತು?"

"ಏನಿಲ್ಲ, ಸುಮ್ಮನೆ ಕೇಳ್ದೆ."

"ಮೂವತ್ತು ವರ್ಷದಲ್ಲಿ ಸುಮ್ಮನೆ ಕೇಳದವರು ಇವತ್ತು ಸುಮ್ಮನೆ ಕೇಳ್ತಿದೀರಾ? ಊಟ ಮಾಡಿದ್ರಾ?"

"ಇಲ್ಲ."

"ಅದಕ್ಕೇ ಹೀಗೆ." ಅವಳು ಹೇಳಿದಳು, "ಮೈದಾನದಲ್ಲಿರ್ತಾನೆ. ಕಾರು ಕಲಿಸ್ತಾ. ಹದಿನಾರನೇ ನಂಬರ್ ಬಸ್ಸು." ಆಮೇಲೆ, "ಬಸ್ಸು ತಪ್ಪಿಸ್ಕೋಬೇಡಿ," ಎಂದಳು. ಅದರಲ್ಲಿ ಕೊಂಕಿತ್ತೋ ಕಾಳಜಿಯಿತ್ತೋ, ನಲವತ್ತು ವರ್ಷ ಒಟ್ಟಿಗೆ ಬಾಳಿದರೂ ಅವನಿಗೆ ಹೇಳಲಾಗಲಿಲ್ಲ.

ಹದಿನಾರನೇ ನಂಬರಿನ ಡ್ರೈವರು ಮಹಾ ನಿಧಾನಸ್ಥ. ಪ್ರತಿ ನಿಲ್ದಾಣದಲ್ಲೂ ಕತ್ತು ಹೊರಗೆ ಹಾಕಿ ಇನ್ನೂ ಯಾರಾದರೂ ಇದ್ದಾರೆಯೇ ಎಂದು ನೋಡುತ್ತಿದ್ದ. ದುಂಬಿ ಎದ್ದು ನಿಂತು ಮತ್ತೆ ಕೂತ. ನಿಧಾನ ಎಂದರೆ ಅವನಿಗೆ ಮೊದಲಿನಿಂದಲೂ ಭಯ. ಇಪ್ಪತ್ತರ ವಯಸ್ಸಿನಲ್ಲಿ ಹೋಟೆಲಿನ ಊಟದ ಕೋಣೆಯಲ್ಲಿ ಪಿಯಾನೋ ಬಾರಿಸುವ ಕೆಲಸ ಸಿಕ್ಕಿತ್ತು. ಕೈತೊಳೆಯುವ ಬೇಸಿನ್ ಪಕ್ಕದ, ಮೂರು ಕೀಲಿ ಸತ್ತುಹೋಗಿದ್ದ ಪಿಯಾನೋ. ಮ್ಯಾನೇಜರು ಮೊದಲ ದಿನವೇ ಹೇಳಿದ್ದ, "ಖಾಲಿ ಬಿಡಬೇಡ ಮಾರಾಯ, ನೀನು ಖಾಲಿ ಬಿಟ್ಟರೆ ಜನ ಅಗಿಯೋ ಸದ್ದು ಅವರಿಗೇ ಕೇಳಿಸುತ್ತೆ." ಅಂದಿನಿಂದ ಅವನು ಖಾಲಿ ಬಿಟ್ಟವನೇ ಅಲ್ಲ. ಹೋಟೆಲಿನಿಂದ ರೇಡಿಯೋಕ್ಕೆ, ರೇಡಿಯೋದಿಂದ ಸ್ವಂತ ಬ್ಯಾಂಡಿಗೆ, ಐದು ಜನ ಮತ್ತು ಒಂದು ದೊಡ್ಡ ಬಾಸ್ ಒಂದೇ ವ್ಯಾನಿನಲ್ಲಿ ಕಾಲು ಚಾಚಲಾಗದೆ ತಿರುಗಿದ ಊರೂರಿಗೆ, ಎಲ್ಲ ಕಡೆ ತುಂಬುತ್ತಲೇ ಹೋದ, ಮತ್ತು ಜನ ಅದನ್ನು ಅವನ ಶೈಲಿ ಎಂದರು. 'ಸಂಜೆಯ ನಡಿಗೆ'ಯನ್ನು ಬರೆದದ್ದೇ ನಿಧಾನವಾಗಿ ನುಡಿಸಿ ತೋರಿಸಬೇಕೆಂಬ ಹಟದಿಂದ. ಆದರೆ ಆ ಮಂಗಳವಾರ, ಮೂರನೇ ನಿಮಿಷದಲ್ಲಿ, ಎರಡು ಸ್ವರಗಳ ನಡುವೆ ಒಂದು ದೊಡ್ಡ ಖಾಲಿ ಜಾಗ ಬಂತು, ಅದರೊಳಕ್ಕೆ ಇಣುಕಿದಾಗ ಅಲ್ಲಿ ಏನೂ ಇರಲಿಲ್ಲ. ನನ್ನ ಹತ್ತಿರ ಹೇಳಲಿಕ್ಕೇನೂ ಇಲ್ಲ, ಇದೀಗ ಎಲ್ಲರಿಗೂ ಗೊತ್ತಾಗಿಬಿಡುತ್ತದೆ ಎಂದು ಹೆದರಿ ಅವನು ಎಣಿಸಿದ್ದ. ಹೆದರಿ ಎಣಿಸಿದವನು ಓಡದೆ ಇರುತ್ತಾನೆಯೇ? ಎದುರು ಸೀಟಿನ ಹೆಂಗಸು ತಿರುಗಿ ನೋಡಿದಳು. ತಾನು ಗುನುಗುತ್ತಿದ್ದೇನೆಂದು ಆಗ ಅವನಿಗೆ ಗೊತ್ತಾಯಿತು.

ಮೈದಾನದಲ್ಲಿ ಹಳೇ ಟೈರುಗಳನ್ನು ಸುತ್ತಲೂ ಇಟ್ಟು ರಸ್ತೆ ಮಾಡಿದ್ದರು. ನೆತ್ತಿಯ ಮೇಲೆ ಬೋರ್ಡು ಹೊತ್ತ ಒಂದು ಸಣ್ಣ ಕಾರು, ಅದರ ಎಡಗಡೆಯ ಸೀಟಿನಲ್ಲಿ ಭಾವಮೈದ ಕೂತು ಬುತ್ತಿ ಡಬ್ಬಿಯ ಮುಚ್ಚಳ ಹಾಕುತ್ತಿದ್ದ. ವೇಗದ ಆರೋಪ ಹೊತ್ತು ಬ್ಯಾಂಡಿನಿಂದ ಹೊರಬಿದ್ದವನು ಊರಿಗೆಲ್ಲ ನಿಧಾನ ಕಲಿಸುವ ಕೆಲಸ ಹಿಡಿದಿದ್ದ. ಇದರ ಮೇಲೂ ದುಂಬಿ ಒಂದೆರಡು ಜೋಕು ಮಾಡಿದ್ದುಂಟು. "ಭಾವ! ಏನು ಇಷ್ಟು ದೂರ? ಬನ್ನಿ, ಕೂತ್ಕೊಳ್ಳಿ. ಎರಡೂವರೆಗೆ ಕಲಿಯೋಕೆ ಬರೋರು ಇನ್ನೂ ಬಂದಿಲ್ಲ," ಎಂದ ಅವನು, ಜಾಗ ಬಿಟ್ಟು ಏಳದೆ. ಖಾಲಿಯಿದ್ದದ್ದು ಸ್ಟಿಯರಿಂಗ್ ಹಿಂದಿನ ಸೀಟು ಒಂದೇ. ದುಂಬಿ ಸುತ್ತಿ ಬಂದು ಅಲ್ಲಿ ಕೂತ. ಜೀವಮಾನದಲ್ಲಿ ಕಾರು ಮುಟ್ಟಿದವನಲ್ಲ. ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ಮಾತು ಸ್ಟಿಯರಿಂಗ್ ಕಂಡದ್ದೇ ಎಲ್ಲೋ ಇಳಿದುಹೋಗಿತ್ತು.

"ಕೂತಿದ್ದೀರಲ್ಲ, ಒಂದು ರೌಂಡ್ ಹೊಡೀರಿ," ಎಂದ ಭಾವಮೈದ.

"ಏಯ್, ನನಗೆಲ್ಲಿ ಬರುತ್ತೋ."

"ಪಿಯಾನೋದಲ್ಲೂ ಪೆಡಲ್ ಒತ್ತೋರಿಗೆ ಇದು ಹೊಸದಾ ಭಾವ? ಕ್ಲಚ್ಚು ಬ್ರೇಕು ನನ್ನ ಹತ್ರಾನೂ ಇದೆ. ನೀವು ಬಲಗಾಲು ಒಂದೇ ನೋಡ್ಕೊಳ್ಳಿ."

ಕಾರು ಬಿಕ್ಕಳಿಸಿ ಹೊರಟಿತು. ಮೊದಲ ಟೈರು ದಾಟಿತು, ಎರಡನೆಯದು ದಾಟಿತು. ಹೇಳಬೇಕು, ಈ ತಿರುವು ಮುಗಿದ ಕೂಡಲೇ ಹೇಳಬೇಕು ಎಂದುಕೊಂಡ ದುಂಬಿ. ತಿರುವು ಮುಗಿಯಿತು. ಮುಂದೆ ಉದ್ದಕ್ಕೆ ನೆಟ್ಟಗಿನ ದಾರಿ ಖಾಲಿ ಬಿದ್ದಿತ್ತು, ಅದನ್ನು ನೋಡಿ ಅವನ ಬಾಯಿ ತಾನಾಗಿಯೇ ಒಂದ್ ಎರಡ್ ಮೂರ್ ನಾಲ್ಕ್ ಎಂದು ಶುರುಮಾಡಿತು, ಎರಡ್ ಎರಡ್ ಮೂರ್ ನಾಲ್ಕ್, ಟೈರುಗಳು ಬೇಗಬೇಗ ಬರತೊಡಗಿದವು, ಮೂರ್ ಎರಡ್ ಮೂರ್, ಮೈದಾನದ ಅಂಚಿನ ಗೋಡೆ ಎದ್ದು ಬಂತು, ಅಷ್ಟರಲ್ಲಿ ಕಾರು ಮೆತ್ತಗೆ, ಯಾರೋ ತೋಳು ಹಿಡಿದ ಹಾಗೆ, ನಿಂತಿತು. ಎಡಗಡೆಯವನ ಕಾಲು ಬ್ರೇಕಿನ ಮೇಲಿತ್ತು.

"ಭಾವ, ಓಡ್ತಿದೀರಿ."

ದುಂಬಿ ಸ್ಟಿಯರಿಂಗಿನಿಂದ ಕೈ ತೆಗೆಯಲಿಲ್ಲ. "ಆವತ್ತೂ ಓಡಿದ್ದು ನಾನೇ ಕಣೋ," ಎಂದ. ಧ್ವನಿ ಹೋಟೆಲಿನ ಪಿಯಾನೋದ ಸತ್ತ ಕೀಲಿಯಂತೆ ಬಂತು. "ಬಸ್ಸು ಹಿಡಿಯೋದಿದ್ದದ್ದು ನನಗೆ, ನಿನಗಲ್ಲ. ಇವತ್ತು ಗೊತ್ತಾಯ್ತು. ಒಂದು ಪರದೆ ಮೇಲೆ ಗೆರೆ ಹಾಕಿ ತೋರಿಸಿದ್ರು."

ಭಾವಮೈದ ಗೋಡೆಯನ್ನೇ ನೋಡುತ್ತಿದ್ದ. "ನನಗೆ ಗೆರೆ ಬೇಕಿರಲಿಲ್ಲ," ಎಂದ. "ನಾನು ನಿಮ್ಮ ಕೈ ನೋಡ್ಕೊಂಡು ಬಾರಿಸ್ತಿರಲಿಲ್ಲ ಭಾವ, ಬಾಯಿ ನೋಡ್ಕೊಂಡು ಬಾರಿಸ್ತಿದ್ದೆ. ಬಾಯಿ ಓಡ್ತು. ಹಿಡಿದು ನೋಡ್ದೆ, ನಿಲ್ಲಲಿಲ್ಲ. ಲೀಡರನ್ನ ಒಬ್ಬನ್ನೇ ಬಿಟ್ಟು ಡ್ರಮ್‌ನವನು ಹಿಂದೆ ಉಳೀತಾನಾ? ಬಿದ್ರೆ ಇಬ್ಬರೂ ಬೀಳಲಿ ಅಂತ ಬಂದೆ."

"ಆಮೇಲಾದ್ರೂ ಹೇಳಬಾರದಿತ್ತಾ? ಮನೆಗೆ ಬಂದು ಬೈಬಾರದಿತ್ತಾ?"

"ಬೈಯೋಕೇ ಹೊರಟಿದ್ದೆ. ಅಕ್ಕ ಬೇಡ ಅಂದ್ಳು. ಆ ಮಂಗಳವಾರ ಅವಳೂ ಸ್ಟುಡಿಯೋದಲ್ಲಿದ್ದಳಲ್ಲ, ಗಾಜಿನ ಆ ಕಡೆ. ಅವಳಿಗೆ ಎಲ್ಲ ಗೊತ್ತು. 'ಅವರಾಗೇ ಹೇಳ್ತಾರೆ, ಸ್ವಲ್ಪ ದಿನ ತಡಿ' ಅಂದ್ಳು."

ಸ್ವಲ್ಪ ದಿನ. ದುಂಬಿಗೆ ನಗು ಬರುವಂತಾಯಿತು, ಬಂದದ್ದು ಬೇರೇನೋ. ಕೋಟಿನ ತೋಳಿನಿಂದ ಮುಖ ಒರೆಸಿಕೊಂಡ.

"ಬ್ಯಾಂಡ್ ಹೋಗಿದ್ದಕ್ಕೆ ನನಗೆ ಈಗ ಬೇಜಾರಿಲ್ಲ," ಎಂದ ಭಾವಮೈದ. ಅವನ ಧ್ವನಿ ಮೊದಲ ಬಾರಿ ಗಟ್ಟಿಯಾಯಿತು. "ಆ ಜೋಕ್ ಇದೆಯಲ್ಲ, ಅದನ್ನ ನನ್ನ ಮಗಳ ಮದುವೆಯಲ್ಲೂ ಹೇಳಿದ್ರಿ. ಬೀಗರ ಮುಂದೆ. ನಾನೂ ನಕ್ಕೆ. ಅದು ಬೇಡವಾಗಿತ್ತು ಭಾವ."

"ಬೇಡವಾಗಿತ್ತು," ಎಂದ ದುಂಬಿ. "ತಪ್ಪಾಯ್ತು ಕಣೋ." ಜೇಬಿನಿಂದ ಫೋನು ತೆಗೆದ. ಗಂಟೆ ಮೂರೂ ಹತ್ತಾಗಿತ್ತು. ಇಂಜಿನಿಯರ್ ತಕ್ಷಣ ಎತ್ತಿದಳು, ಈ ಕರೆಗೇ ಕಾಯುತ್ತಿದ್ದವಳ ಹಾಗೆ. "ಗುನುಗು ಇರಲಮ್ಮ, ತೆಗೀಬೇಡಿ. ಆ ಬಸ್ಸಿನ ಜೋಕ್ ತೆಗೀರಿ." ಆ ಜಾಗಕ್ಕೆ ಏನು ಹಾಕಲಿ ಎಂದು ಅವಳು ಕೇಳಿದಳು. ದುಂಬಿ ಯೋಚಿಸಿದ, ಎಷ್ಟು ಹೊತ್ತು ಯೋಚಿಸಿದನೆಂದರೆ ಆ ಕಡೆಯಿಂದ ಹಲೋ ಹಲೋ ಎಂದು ಕೇಳಿಸಿತು. "ಹೀಗೆ ಹಾಕಿ. ಕೊನೇ ಹಾಡಲ್ಲಿ ಓಡಿದ್ದು ನಾನು. ಡ್ರಮ್‌ನವನು ಮೂರು ಸಲ ನನ್ನನ್ನ ಹಿಡಿದು ನಿಲ್ಲಿಸೋಕೆ ನೋಡಿದ."

"ನಾಲ್ಕು," ಎಂದ ಎಡಗಡೆಯವನು, ಗೋಡೆಯ ಕಡೆ ನೋಡುತ್ತಲೇ.

"ನಾಲ್ಕು ಸಲ ಅಂತ ಹಾಕಿ," ಎಂದ ದುಂಬಿ. ಫೋನು ಇಟ್ಟ. ಮನೆಗೆ ಹೋಗಿ ಇದನ್ನೇ ಇನ್ನೊಮ್ಮೆ, ನಲ್ಲಿಯ ಮುಂದೆ ನಿಂತು ಹೇಳಬೇಕಾಗಿತ್ತು. ಅದು ಇದಕ್ಕಿಂತ ಕಷ್ಟ. ಇಳಿಯಲೆಂದು ಬಾಗಿಲಿಗೆ ಕೈ ಹಾಕಿದ.

"ಎಲ್ಲಿಗೆ? ರೌಂಡ್ ಇನ್ನೂ ಅರ್ಧ ಇದೆ," ಎಂದ ಭಾವಮೈದ. "ಹೊರಡಿ. ಎಣಿಸ್ಕೊಳ್ಳಿ, ಬೇಡ ಅನ್ನಲ್ಲ. ಆದ್ರೆ ಒಳಗೊಳಗೇ ಬೇಡ, ಜೋರಾಗಿ ಎಣಿಸಿ, ನನಗೂ ಕೇಳಲಿ."

ಕಾರು ಗೋಡೆಯಿಂದ ಹಿಂದೆ ಸರಿದು ತಿರುಗಿತು. ಎದುರಿಗೆ ಮತ್ತೆ ಆ ಉದ್ದದ ಖಾಲಿ ದಾರಿ. "ಒಂದು," ಎಂದ ದುಂಬಿ ಗಟ್ಟಿಯಾಗಿ. ಬಲಗಾಲು ಒತ್ತಲು ಹೊರಟಿತು. ಆಗ ಅವನ ಎಡಗಡೆ, ಡ್ಯಾಶ್‌ಬೋರ್ಡಿನ ಧೂಳಿನ ಮೇಲೆ, ಎರಡು ಬೆರಳು ಮೆಲ್ಲಗೆ ಒಮ್ಮೆ ಬಿದ್ದವು, ಅವನಿಗಿಂತ ಒಂದು ಕೂದಲೆಳೆ ಹಿಂದೆ. 'ಎರಡು' ಅವನ ನಾಲಿಗೆಯ ತುದಿಗೆ ಬಂದಿತ್ತು. ಅವನು ಅದನ್ನು ಅಲ್ಲೇ ಹಿಡಿದುಕೊಂಡು, ಆ ಬೆರಳುಗಳು ಮತ್ತೊಮ್ಮೆ ಬೀಳುವ ತನಕ ಕಾದ.